ಉತ್ತರ: ಅಮ್ಮನ ಜಪಸರದ ಕಳೆದ ಮಣಿ

ಅಮ್ಮನ ಹಳೇ ಜಪಸರ (ಕ್ರೈಸ್ತರು ಪ್ರಾರ್ಥನೆ ಎಣಿಸೋ ಮಣಿಸರ, ರೋಸರಿ) ಹರಿದು ಒಂದು ಮಣಿ ಕಾಣೆಯಾಗಿದೆ, "ಹೊಸದು ತಗೊಂಡ್ರಾಯ್ತಲ್ಲ" ಅಂತಿರೋ ಮಗಳಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಅಕ್ಕ, ಸದ್ಯಕ್ಕೆ ಏನೂ ಹೇಳಬೇಡಿ. ಕೈಗೊಂದು ಟಾರ್ಚ್ ಕೊಟ್ಟು ಬೀರು ಕೆಳಗೆ ಹುಡುಕಿಸಿ.

ನಮ್ಮನೆಯಲ್ಲೂ ಹೀಗೇ ಆಗಿತ್ತು. ಜಪಸರದಲ್ಲಿ 59 ಮಣಿ ಇರಬೇಕು; ಮಗ ತಟ್ಟೆಗೆ ಸುರಿದು ಎಣಿಸಿದರೆ 58. ಮಂಚದಡಿ ಗುಡಿಸಿದಾಗ ಸಿಕ್ಕಿದ್ದು ಹೇರ್‌ಪಿನ್, ಬೆಳ್ಳುಳ್ಳಿ ಸಿಪ್ಪೆ, ಕೊನೆಗೆ ಬಾಗಿಲ ಸಂದಿಯಲ್ಲಿ ಮಣಿ. ಅಜ್ಜಿಯ ಹೆಬ್ಬೆರಳು ಉಜ್ಜಿ ಉಜ್ಜಿ ಅದರ ಒಂದು ಬದಿ ಸವೆದಿತ್ತು. ಅವನು ಕುಣಿಯುತ್ತಿದ್ದಾಗಲೇ ಬೈಬಲ್ಲಿನ ಲೂಕನ ಶುಭಸಂದೇಶದ 15ನೇ ಅಧ್ಯಾಯ ತೆಗೆದೆ. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ ಹುಡುಕಿ, ಸಿಕ್ಕಿದ ಮೇಲೆ ನೆರೆಹೊರೆಯವರನ್ನೆಲ್ಲ ಕರೆಯುತ್ತಾಳಲ್ಲ, ದಾರಿ ತಪ್ಪಿದವರು ಸಿಕ್ಕಾಗ ದೇವರಿಗೂ ಹಾಗೇ ಸಂತೋಷ ಅಂತ ಯೇಸು ಹೇಳಿದ ಆ ಕಥೆ.

"ದೇವರೂ ಮಂಚದಡಿ ಬಗ್ಗಿ ಹುಡುಕ್ತಾರಾ?" ಅಂದ. ಪ್ರಸಂಗ ಬಿಗಿಯುವ ಚಾಳಿ ನನಗುಂಟು. ಅವತ್ತು ಹೂಂ ಅಂದು ಸುಮ್ಮನಾದೆ.

ನಿಮ್ಮ ಮಣಿ ಸಿಗದೇ ಹೋದರೆ ಬೇರೆ ಬಣ್ಣದ್ದನ್ನೇ ಮಗಳ ಕೈಯಲ್ಲಿ ಪೋಣಿಸಿಸಿ. ದಾರ ಮಾತ್ರ ನೈಲಾನಿನದ್ದಿರಲಿ.