ಮೊಣಗಂಟು ನೋವೆಂದು ಅಮ್ಮನನ್ನು ಕೂರಿಸಿಬಿಡಬೇಡಿ

ಪ್ರಶ್ನೆ: ಅಮ್ಮನಿಗೆ 71 ವರ್ಷ. ನೆಲದಲ್ಲಿ ಕೂತು ವರ್ಷಗಟ್ಟಲೆ ಬೀಡಿ ಕಟ್ಟಿದವರು. ಎರಡು ವರ್ಷದಿಂದ ಬಲ ಮೊಣಗಂಟು ನೋವು, ಎಕ್ಸ್‌ರೇಯಲ್ಲಿ ಸವೆತ ಎಂದಿದ್ದಾರೆ. ನಡೆದರೆ ಇನ್ನೂ ಸವೆಯುತ್ತದೆಂದು ನಾವೇ ಓಡಾಟ ಬಿಡಿಸಿದೆವು. ಈಗ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಾರೆ. ಸವೆತ ಜಾಸ್ತಿಯಾಯಿತೇ?
– ಓದುಗರು, ಬ್ರಹ್ಮಾವರ

ಉತ್ತರ: ಸವೆತಕ್ಕಿಂತ ಹೆಚ್ಚಾಗಿ ತೊಡೆಯ ಬಲ ಹೋಗಿರುವ ಹಾಗಿದೆ. ಗಂಟು ನೋಯುವಾಗ ತೊಡೆಯ ಮುಂಭಾಗದ ಸ್ನಾಯು ಪೂರ್ತಿ ಬಿಗಿಯದಂತೆ ನರಗಳೇ ತಡೆಯುತ್ತವೆ. ಅದರ ಮೇಲೆ ಓಡಾಟವೂ ನಿಂತರೆ ಸ್ನಾಯು ಬೇಗ ಕರಗುತ್ತದೆ. ಮೆಟ್ಟಿಲಿಳಿಯುವಾಗ ಮೈಭಾರ ತಡೆದು ಹಿಡಿಯುವುದು ಅದೇ ಸ್ನಾಯು; ಅದು ಸೋತರೆ ಭಾರವೆಲ್ಲ ಗಂಟಿನ ಮೇಲೆ. ನೋವು ಹೆಚ್ಚುತ್ತದೆ, ಬೀಳುವ ಹೆದರಿಕೆಯಿಂದ ಹೆಜ್ಜೆ ಗಿಡ್ಡವಾಗುತ್ತದೆ, ನಡಿಗೆ ಮತ್ತೂ ಕಡಿಮೆಯಾಗುತ್ತದೆ. ಹದವಾಗಿ ನಡೆದರೆ ಗಂಟು ಹಾಳಾಗುವುದಿಲ್ಲ. ಸವೆತ ಹಿಂದಕ್ಕೆ ಹೋಗದು, ನಿಜ. ಆದರೆ 70 ದಾಟಿದ ಮೇಲೂ ಸ್ನಾಯು ಬಲಿಯುತ್ತದೆ.

ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಅಮ್ಮ ಕೂತು, ಬಲಗಾಲನ್ನು ನಿಧಾನ ನೇರ ಮಾಡಿ, 5 ಎಣಿಸಿ ಇಳಿಸಲಿ. 10 ಸಲ, ಹಾಗೆಯೇ ಎಡಗಾಲು. ಬೆಳಿಗ್ಗೆ, ಸಂಜೆ. ಉಸಿರು ಕಟ್ಟಬಾರದು. ಒಂದು ವಾರದ ಬಳಿಕ ಕುರ್ಚಿಯಿಂದ ಎದ್ದು ಕೂರುವುದು, 5 ಸಲ. ದೊಪ್ಪನೆ ಕೂತರೆ ಪ್ರಯೋಜನವಿಲ್ಲ, ನಿಧಾನ ಇಳಿಯುವಾಗಲೇ ತೊಡೆಗೆ ಕೆಲಸ. ಜೊತೆಗೆ ಚಾವಡಿಯಲ್ಲೇ 5 ನಿಮಿಷದ ನಡಿಗೆ, ದಿನಕ್ಕೆ ಮೂರು ಸಲ. ಸ್ವಲ್ಪ ನೋವಾದರೆ ಗಾಬರಿ ಬೇಡ. ಮರುದಿನ ಬೆಳಿಗ್ಗೆ ಮಾಮೂಲಿಗಿಂತ ಹೆಚ್ಚಿದ್ದರೆ ಎಣಿಕೆ ಅರ್ಧ ಮಾಡಿ, ಪೂರ್ತಿ ಬಿಡಬೇಡಿ. ಗುಣ ತಿಳಿಯಲು 6ರಿಂದ 8 ವಾರ ಬೇಕು. ಅಷ್ಟು ತಾಳ್ಮೆ ಇಲ್ಲದೆ ಎರಡನೇ ವಾರಕ್ಕೇ ಕೈಬಿಡುವವರನ್ನು ಕಂಡರೆ ಬೇಸರವಾಗುತ್ತದೆ.

ಊರುಗೋಲು ನೋಯುವ ಕಾಲಿನ ಎದುರು ಕೈಯಲ್ಲಿರಬೇಕು: ನಿಮ್ಮ ಅಮ್ಮನಿಗೆ ಎಡಗೈ. ಕೋಲೂ ಬಲಗಾಲೂ ಒಟ್ಟಿಗೆ ಮುಂದಕ್ಕೆ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಸರಿಯಾಗಿರಲಿ. ಮೆಟ್ಟಿಲು ಹತ್ತುವಾಗ ಮೊದಲು ಎಡಗಾಲು, ಇಳಿಯುವಾಗ ಮೊದಲು ಬಲಗಾಲು. ಕೋಲಿನ ತುದಿಯ ರಬ್ಬರ್ ಸವೆದಿದ್ದರೆ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲಲ್ಲಿ ಅದೇ ಜಾರಿಸಿ ಬೀಳಿಸುತ್ತದೆ. ಮಳೆಗಾಲಕ್ಕೆ ಮೊದಲು ಬದಲಿಸಿ, ಪಾಚಿ ಉಜ್ಜಿಸಿ. ಬಚ್ಚಲಿನ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ. ಮೆಟ್ಟುಕತ್ತಿಯ ಬದಲು ಮೇಜಿನ ಮೇಲೆ ಚೂರಿಯಲ್ಲಿ ತರಕಾರಿ ಹೆಚ್ಚಲಿ. ಅಡುಗೆ ಕೆಲಸ ಮಾತ್ರ ಕಸಿಯಬೇಡಿ.

ಮೆಡಿಕಲಿನಿಂದ ಕೇಳಿ ತಂದ ನೋವಿನ ಮಾತ್ರೆ ದಿನಾ ನುಂಗುತ್ತಿದ್ದರೆ ವೈದ್ಯರಿಗೆ ತೋರಿಸಿ. ಡೈಕ್ಲೋಫಿನಾಕ್‌ನಂಥವು ಈ ವಯಸ್ಸಿನಲ್ಲಿ ಮೂತ್ರಪಿಂಡವನ್ನು ಕೆಡಿಸಬಹುದು, ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಹುದು, ಬಿಪಿ ಏರಿಸಬಹುದು. ಅದೇ ಔಷಧದ ಮುಲಾಮು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅದು ಸಾಕೇ ಎಂದು ಕೇಳಿ.

ಗಂಟು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ, ಮೀನಖಂಡ ಒಮ್ಮೆಲೇ ಊದಿದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.