ಅಡುಗೆಮನೆಯಿಂದ ಹೊರಗುಳಿದ ಗೃಹಿಣಿ: ಬೈಪಾಸ್ ನಂತರದ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಶಾಂತವ್ವ ಎಂದು ಇಲ್ಲಿ ಕರೆದಿರುವ ಐವತ್ತೇಳು ವರ್ಷದ ಗೃಹಿಣಿಯನ್ನು ನನ್ನ ಬಳಿಗೆ ಕಳುಹಿಸಿದವರು ಆಕೆಗೆ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯ ಶುಶ್ರೂಷಕಿ. ಹೃದಯದ ಬೈಪಾಸ್ ಆಗಿ ಆರನೆಯ ವಾರ ನಡೆಯುತ್ತಿತ್ತು. ಹೃದಯಕ್ಕೆ ಜೋಡಿಸಲು ರಕ್ತನಾಳ ತೆಗೆದ ಕಾಲು ಕೆಲವು ವಾರ ಬಾತುಕೊಳ್ಳುವುದು ಸಾಮಾನ್ಯವೇ ಆದರೂ ಈಕೆಯ ಎರಡೂ ಪಾದಗಳು ಬಾತಿದ್ದವು, ಒಂದೇ ವಾರದಲ್ಲಿ ತೂಕ ಎರಡು ಕಿಲೋ ಏರಿತ್ತು. ಪರೀಕ್ಷೆಯಲ್ಲಿ ಹೃದಯದ ಕೆಲಸ ತೃಪ್ತಿಕರವಾಗಿಯೇ ಕಂಡಿತು. ವಿಚಾರಿಸಿದಾಗ, ದೇಹದ ನೀರು ಇಳಿಸುವ ಮಾತ್ರೆಯನ್ನು ಆಕೆ ಬಹಳ ದಿನಗಳಿಂದ ತಲೆದಿಂಬಿನ ಚೀಲದೊಳಗೆ ಬಚ್ಚಿಡುತ್ತಿದ್ದುದು ತಿಳಿಯಿತು. ಉಳಿದ ಮಾತ್ರೆಗಳನ್ನೆಲ್ಲ ತಪ್ಪದೆ ನುಂಗುವವರು ಇದೊಂದನ್ನು ಮಾತ್ರ ಏಕೆ ಬಿಟ್ಟರೆಂಬ ಪ್ರಶ್ನೆಯೊಂದಿಗೆ ಅವರನ್ನು ನನ್ನಲ್ಲಿಗೆ ಕಳುಹಿಸಲಾಗಿತ್ತು.

ಗದಗ ಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ಕಿರಾಣಿ ಅಂಗಡಿ ನಡೆಸುವ ಕುಟುಂಬವದು. ಗಂಡ, ಹಿರಿಯ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಮೂವತ್ತು ವರ್ಷಗಳಿಗೂ ಮೀರಿ ಅಡುಗೆಮನೆ, ಕಾಳುಕಡಿಯ ಲೆಕ್ಕ, ನೆಂಟರಿಷ್ಟರ ಉಪಚಾರ ಎಲ್ಲವೂ ಶಾಂತವ್ವನವರ ಕೈಯಲ್ಲಿದ್ದವು. ಆಸ್ಪತ್ರೆಯಿಂದ ಬಂದ ದಿನವೇ ಪಡಸಾಲೆಯಲ್ಲಿ ಮಂಚ ಹಾಕಿ, ಕಪಾಟಿನ ಕೀಲಿಯನ್ನು ಸೊಸೆಗೆ ಕೊಡಿಸಿ, ಒಂದು ಲೋಟವನ್ನೂ ಎತ್ತಬಾರದೆಂದು ಮನೆಯವರು ಕಟ್ಟುನಿಟ್ಟು ಮಾಡಿದರು. ಅವರ ಪ್ರೀತಿಯಲ್ಲಿ ಸಂದೇಹಪಡುವಂಥದ್ದೇನೂ ಇರಲಿಲ್ಲ. ಆದರೆ ಆಕೆ ಏಳಲು ಹೊರಟರೆ "ಅತ್ತೀ, ನೀವು ಸುಮ್ನ ಕುಂದರ್ರಿ" ಎಂಬ ಮಾತು, ನೋಡಲು ಬಂದವರೆದುರು "ಆಕಿ ಕಡೆಯಿಂದ ಇನ್ನ ಏನೂ ಆಗೂದಿಲ್ಲ" ಎಂಬ ಗಂಡನ ವಿವರಣೆ, ಇವು ದಿನವಿಡೀ ಕಿವಿಗೆ ಬೀಳುತ್ತಿದ್ದವು.

ಮೊದಲ ಭೇಟಿಯಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಯಜಮಾನರೇ ಉತ್ತರಿಸಿದರು. ಅವರನ್ನು ವಿನಯದಿಂದ ಹೊರಗೆ ಕೂರಿಸಿದ ಮೇಲೆ ಮಾತ್ರೆಯ ವಿಷಯ ಹೊರಬಂತು. ಮಧ್ಯಾಹ್ನ ಕೊಡಬೇಕಾದ ಆ ಮಾತ್ರೆ ಮನೆಯ ಗದ್ದಲದಲ್ಲಿ ಸಂಜೆ ಏಳಕ್ಕೆ ಸರಿದಿತ್ತು. ನುಂಗಿದರೆ ರಾತ್ರಿ ಮೂರು ನಾಲ್ಕು ಸಲ ಏಳಬೇಕು, ಬಚ್ಚಲು ಹಿತ್ತಲಿನಲ್ಲಿದೆ, ಒಬ್ಬರೇ ಹೋಗಕೂಡದೆಂದು ಅಪ್ಪಣೆಯಾಗಿದೆ. "ಸೊಸಿ ದಿನಾ ದುಡದು ದಣಿದು ಮಲಗಿರ್ತಾಳ್ರಿ, ಎಬ್ಬಸಾಕ ನಾಚಿಕಿ ಬರ್ತದ" ಎಂದರು. ನಂತರ, ನನ್ನತ್ತ ನೋಡದೆಯೇ, "ದೇವರು ಆ ದವಾಖಾನ್ಯಾಗ ಕರಕೊಂಡಿದ್ರ ಎಲ್ಲಾರಿಗೂ ಹಗುರಾಗ್ತಿತ್ತು" ಎಂದರು.

ಇಂಥ ಮಾತನ್ನು ಹಿರಿಯರ ವಾಡಿಕೆಯೆಂದು ಮನೆಗಳಲ್ಲಿ ತೇಲಿಸಿಬಿಡುವುದುಂಟು. ಆಪ್ತಸಲಹೆಯಲ್ಲಿ ಹಾಗೆ ಮಾಡುವಂತಿಲ್ಲ. ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ, ಅದಕ್ಕೆ ದಾರಿ ಹುಡುಕಿದ್ದೀರಾ, ಬಚ್ಚಿಟ್ಟ ಮಾತ್ರೆಗಳು ಅದಕ್ಕಾಗಿಯೇ ಎಂದು ನೇರವಾಗಿಯೇ ಕೇಳಿದೆ. ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಒಂದು ಜಾಗ ಸಿಗುತ್ತದೆ. ಆಕೆಗೆ ಅಂಥ ಯೋಜನೆ ಇರಲಿಲ್ಲ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲದಿಂದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ತಾನು ಹೊರೆ ಎಂಬ ಭಾವ ಇವೆಲ್ಲ ಇದ್ದವು. ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಅಂಕವೂ ಮಧ್ಯಮ ಪ್ರಮಾಣದ ಖಿನ್ನತೆಯನ್ನೇ ತೋರಿಸಿತು.

ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ವಿಚಿತ್ರ ಕನಸುಗಳು, ಮರೆವು, ಗಮನ ನಿಲ್ಲದಿರುವುದು ಅನೇಕರಲ್ಲಿ ಕಾಣಿಸಿಕೊಂಡು ತಾವಾಗಿಯೇ ತಗ್ಗುತ್ತವೆ. ತಗ್ಗದೆ ಖಿನ್ನತೆಯಾಗಿ ನಿಲ್ಲುವುದು ಸುಮಾರು ಐವರಲ್ಲಿ ಒಬ್ಬರಲ್ಲಿ. ಹೃದ್ರೋಗಿಗಳಲ್ಲಿ ಖಿನ್ನತೆಯನ್ನು ಕೇಳಿ ಪತ್ತೆಹಚ್ಚಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲಿಯೇ ಸಲಹೆ ನೀಡಿದೆ. ಖಿನ್ನತೆಯಿರುವವರು ಮಾತ್ರೆ ಬಿಡುತ್ತಾರೆ, ನಡೆಯುವುದಿಲ್ಲ, ಸರಿಯಾಗಿ ಉಣ್ಣುವುದಿಲ್ಲ, ಅದರ ಪೆಟ್ಟು ಮತ್ತೆ ಹೃದಯದ ಮೇಲೆಯೇ ಬೀಳುತ್ತದೆ. ಹಾಗಾಗಿ ಶಾಂತವ್ವನವರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಲ್ಲಿಗೆ ಕಳುಹಿಸಿದೆ, ಹೃದಯದ ಮಾತ್ರೆಗಳ ಚೀಟಿಯನ್ನು ತಪ್ಪದೆ ಒಯ್ಯಲು ಹೇಳಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಲ್ಲಿ ಕೆಲವು ಖಿನ್ನತೆಯ ಮಾತ್ರೆಗಳು ರಕ್ತಸ್ರಾವದ ಸಾಧ್ಯತೆಯನ್ನು ಹೆಚ್ಚಿಸುವುದರಿಂದ ಇಬ್ಬರು ವೈದ್ಯರಿಗೂ ಪರಸ್ಪರ ವಿಷಯ ಗೊತ್ತಿರಬೇಕು. ನಡುರಾತ್ರಿಯಲ್ಲಿ ಮನಸ್ಸು ಕುಸಿದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಆಕೆಯ ಮೊಬೈಲಿನಲ್ಲಿಯೂ ಮಗನ ಮೊಬೈಲಿನಲ್ಲಿಯೂ ಸೇರಿಸಿಕೊಟ್ಟೆ. ಮಾತ್ರೆಯ ವೇಳೆಯ ಬಗ್ಗೆ ಹೃದಯ ವೈದ್ಯರನ್ನು ಕೇಳಿದಾಗ, ನೀರು ಇಳಿಸುವ ಆ ಮಾತ್ರೆಯನ್ನು ಮಧ್ಯಾಹ್ನ ಎರಡರೊಳಗೆ ಕೊಟ್ಟುಬಿಡಬೇಕೆಂದರು. ರಾತ್ರಿಯ ಓಡಾಟ ಅದರಿಂದಲೇ ಬಹುಮಟ್ಟಿಗೆ ತಪ್ಪಿತು.

ಮುಂದಿನ ಭೇಟಿಗೆ ಇಡೀ ಕುಟುಂಬವನ್ನು ಕರೆಸಿದೆ. ಏನು ಮಾಡಬಾರದೆಂಬುದನ್ನು ಮನೆಯ ಭಯ ತೀರ್ಮಾನಿಸುತ್ತಿತ್ತು. ಅದನ್ನು ಎದೆಮೂಳೆ ತೀರ್ಮಾನಿಸಲಿ ಎಂಬುದೇ ನನ್ನ ಸಲಹೆಯ ತಿರುಳಾಗಿತ್ತು. ಶಸ್ತ್ರಚಿಕಿತ್ಸೆಗಾಗಿ ಉದ್ದಕ್ಕೆ ಸೀಳಿದ ಎದೆಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಅದು ತಕ್ಕಮಟ್ಟಿಗೆ ಕೂಡಿಕೊಳ್ಳಲು ಆರರಿಂದ ಎಂಟು ವಾರ, ಗಟ್ಟಿಯಾಗಲು ಮೂರು ತಿಂಗಳ ಹತ್ತಿರ ಬೇಕು. ಅಲ್ಲಿಯವರೆಗೆ ತುಂಬಿದ ಕೊಡಪಾನ ಎತ್ತುವುದು, ಬಾವಿಯಿಂದ ನೀರು ಸೇದುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಒದ್ದೆ ಕೌದಿ ಹಿಂಡುವುದು ಖಂಡಿತ ಕೂಡದು. ಜೋಳದ ರೊಟ್ಟಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಮಾತಾಡಬೇಕಾಯಿತು, ಏಕೆಂದರೆ ರೊಟ್ಟಿ ಹಗುರವಾದರೂ ಹಿಟ್ಟು ನಾದುವಾಗಲೂ ಬಡಿಯುವಾಗಲೂ ಎದೆಯ ಸ್ನಾಯುಗಳ ಸೆಳೆತವೆಲ್ಲ ಮೂಳೆಯ ಮೇಲೆಯೇ ಬೀಳುತ್ತದೆ. ಅದನ್ನು ಮೂರು ತಿಂಗಳ ತಪಾಸಣೆಯ ನಂತರ ನೋಡೋಣವೆಂದು ಫಿಸಿಯೊಥೆರಪಿಸ್ಟ್ ಹೇಳಿದರು. ಆದರೆ ಬೆಳ್ಳುಳ್ಳಿ ಸುಲಿಯುವುದು, ಸೊಪ್ಪು ಸೋಸುವುದು, ಕುರ್ಚಿಯಲ್ಲಿ ಕುಳಿತು ಒಗ್ಗರಣೆ ಹಾಕುವುದು, ನಾಳೆಯ ಅಡುಗೆ ಯಾವುದೆಂದು ನಿಶ್ಚಯಿಸುವುದು, ಅಂಗಡಿಯಿಂದ ಬರಬೇಕಾದ ದಿನಸಿಯ ಚೀಟಿ ಬರೆಸುವುದು, ಇವಾವುದಕ್ಕೂ ಮೂಳೆಯ ಅಡ್ಡಿಯಿಲ್ಲ. ಕಪಾಟಿನ ಕೀಲಿ ಮರಳಿ ಆಕೆಯ ಕೈಗೆ ಬರಬೇಕೆಂದು ನಾನು ಹೇಳಿದಾಗ ಎಲ್ಲರಿಗಿಂತ ಮೊದಲು ಒಪ್ಪಿದವಳು ಸೊಸೆ.

ಹೆಂಗಸರಿಗೆ ಈ ಶಸ್ತ್ರಚಿಕಿತ್ಸೆಯ ನಂತರ ಬರುವ ಕೆಲವು ತೊಂದರೆಗಳನ್ನು ಆಸ್ಪತ್ರೆಯ ಹಾಳೆಗಳಲ್ಲಿ ನಾನು ಕಂಡದ್ದು ಕಡಿಮೆ. ಸ್ತನಗಳ ಭಾರಕ್ಕೆ ಗಾಯ ಎರಡೂ ಕಡೆಗೆ ಎಳೆದು ನೋಯುತ್ತದೆ. ಇದನ್ನು ಗಂಡು ವೈದ್ಯರಿಗೆ ಹೇಳಲು ಸಂಕೋಚಪಟ್ಟು ಶಾಂತವ್ವ ಒಳಉಡುಪನ್ನೇ ಬಿಟ್ಟಿದ್ದರು, ಅದರಿಂದ ನೋವು ಇನ್ನಷ್ಟು ಹೆಚ್ಚಿತ್ತು. ಮುಂದೆ ಗುಂಡಿಯಿರುವ, ತಂತಿಯಿಲ್ಲದ, ಮೆತ್ತನೆಯ ಹತ್ತಿಯ ಒಳಉಡುಪನ್ನು ಹಗಲು ರಾತ್ರಿ ತೊಡಲು ಶುಶ್ರೂಷಕಿ ತಿಳಿಸಿಕೊಟ್ಟರು. ಎರಡನೆಯದು ತಾಳಿ. ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆದದ್ದು ಗಾಯಕ್ಕೆ ಉಜ್ಜುತ್ತದೆಂದು ಮತ್ತೆ ಹಾಕಿರಲಿಲ್ಲ; ಬಂದ ಹೆಂಗಸರ ಕಣ್ಣು ಮೊದಲು ಬರಿಗೊರಳಿನ ಮೇಲೆ ಬೀಳುವುದು ಆಕೆಗೆ ತಡೆಯಲಾಗದ ಸಂಕಟವಾಗಿತ್ತು. ಗಾಯ ಪೂರ್ತಿ ಒಣಗಿದೆಯೆಂದು ವೈದ್ಯರು ಖಚಿತಪಡಿಸಿದ ಮೇಲೆ, ಗಾಯದ ತುದಿಗೆ ತಾಗದಷ್ಟು ಗಿಡ್ಡ ದಾರದಲ್ಲಿ ತಾಳಿ ಪೋಣಿಸಿಕೊಳ್ಳಬಹುದೆಂದೆ. ನೆರೆಯವರು ಹಚ್ಚಲು ಹೇಳಿದ್ದ ಅರಿಶಿನ, ಎಣ್ಣೆಗಳನ್ನು ಮಾತ್ರ ದೂರವಿಡಲು ತಿಳಿಸಿದೆ.

ಊಟದ ವಿಷಯದಲ್ಲಿ ಮನೆಯವರು ಉಪ್ಪು, ಉಪ್ಪಿನಕಾಯಿ, ಹಪ್ಪಳ ಬಿಡಿಸಿದ್ದು ಸರಿ. ಮೊಸರು, ಬೇಳೆ, ಕಾಳುಗಳನ್ನೂ ಕಡಿಮೆ ಮಾಡಿದ್ದು ತಪ್ಪು, ಮೂಳೆ ಮತ್ತು ಗಾಯ ಕೂಡಲು ಪ್ರೋಟೀನು ಬೇಕೇ ಬೇಕು. ಆಕೆಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ ಪಥ್ಯದ ಪಟ್ಟಿಯನ್ನು ಆಹಾರ ತಜ್ಞರಿಂದಲೇ ಬರೆಸಿದೆವು. ನಡಿಗೆ ದಿನಕ್ಕೆರಡು ಸಲ, ಜೊತೆಯಲ್ಲಿ ಮಾತಾಡುತ್ತ ನಡೆಯಲು ಆಗುವಷ್ಟು ವೇಗದಲ್ಲಿ. ಹತ್ತು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಅರ್ಧ ಗಂಟೆಯವರೆಗೆ. ಜೊತೆಗೆ ಹೋಗುವ ಕೆಲಸವನ್ನು ಯಜಮಾನರಿಗೇ ವಹಿಸಿದೆ.

ಯಜಮಾನರು ಒಬ್ಬರೇ ಇದ್ದಾಗ ಒಂದು ಪ್ರಶ್ನೆಯನ್ನು ಬಹಳ ಸುತ್ತಿ ಬಳಸಿ ಕೇಳಿದರು. ಎರಡು ಮಹಡಿಯ ಮೆಟ್ಟಿಲನ್ನು ಉಬ್ಬಸವಿಲ್ಲದೆ, ಎದೆನೋವಿಲ್ಲದೆ ಹತ್ತಬಲ್ಲವರಾದರೆ, ಮೂಳೆ ಕೂಡಿದ ಮೇಲೆ, ದಾಂಪತ್ಯಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲವೆಂದೂ ವೈದ್ಯರನ್ನು ಕೇಳಲು ಸಂಕೋಚ ಬೇಡವೆಂದೂ ಹೇಳಿದೆ. ಅದುವರೆಗೆ ಹೆಂಡತಿಯ ಕೈ ಹಿಡಿಯಲೂ ಹೆದರುತ್ತಿದ್ದರೆಂದು ಆಗ ತಿಳಿಯಿತು.

ಕಾಯಬಾರದ ಲಕ್ಷಣಗಳನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: ಜ್ವರ, ಗಾಯದಿಂದ ಕೀವು, ಎದೆಮೂಳೆಯಲ್ಲಿ ಕಟಕಟ ಸದ್ದು, ದಿಢೀರ್ ತೂಕ ಏರಿಕೆ ಕಂಡರೆ ಅದೇ ದಿನ ಆಸ್ಪತ್ರೆಗೆ, ಎದೆನೋವು, ಮಲಗಿದಾಗ ಉಸಿರು ಕಟ್ಟುವುದು, ಎಚ್ಚರ ತಪ್ಪುವುದು ಕಂಡರೆ ತಕ್ಷಣ 108ಕ್ಕೆ ಕರೆ.

ಮೂರನೆಯ ತಿಂಗಳ ಹೊತ್ತಿಗೆ ಪಾದಗಳ ಬಾವು ಇಳಿದು, ಪ್ರಶ್ನಾವಳಿಯ ಅಂಕ ಅರ್ಧಕ್ಕಿಂತ ಕೆಳಗೆ ಬಂದಿದೆ. ಖಿನ್ನತೆಯ ಮಾತ್ರೆಯನ್ನು ಇನ್ನೂ ಕೆಲವು ತಿಂಗಳು ಮುಂದುವರಿಸಬೇಕೆಂದು ಮನೋವೈದ್ಯರು ಹೇಳಿದ್ದಾರೆ. ಹುಷಾರಾದೆನೆಂದು ತಾವಾಗಿ ನಿಲ್ಲಿಸಬಾರದೆಂಬುದನ್ನು ಪ್ರತಿ ಭೇಟಿಯಲ್ಲೂ ನೆನಪಿಸುತ್ತೇನೆ. ಒಬ್ಬರೇ ಸ್ನಾನ ಮಾಡಲು ಈಗಲೂ ಅಂಜುತ್ತಾರೆ, ಅದರ ಮೇಲೆ ಕೆಲಸ ನಡೆದಿದೆ. ಈ ಮೂರು ತಿಂಗಳಲ್ಲಿ ಒಂದು ದಿನವೂ ಬಿಡುವು ಸಿಗದ ಸೊಸೆಯ ಆಯಾಸವನ್ನು ಯಾರೂ ಕೇಳಿರಲಿಲ್ಲ. ಆಕೆಯೊಂದಿಗೆ ಪ್ರತ್ಯೇಕವಾಗಿ ಮಾತಾಡಿದ ಮೇಲೆ, ಮಕ್ಕಳೊಂದಿಗೆ ಒಂದು ವಾರ ತವರಿಗೆ ಹೋಗಿಬರುವುದೆಂದು ನಿಶ್ಚಯವಾಗಿದೆ. ಆ ವಾರ ಮಾತ್ರೆ ಕೊಡುವ ಹೊಣೆ ಯಜಮಾನರದು, ರೊಟ್ಟಿ ಪಕ್ಕದ ಓಣಿಯ ಖಾನಾವಳಿಯಿಂದ ಬರುತ್ತದೆ. ಈ ಏರ್ಪಾಟನ್ನು ಗೊತ್ತುಮಾಡಿದವರು ಶಾಂತವ್ವನವರೇ.