ನಿಲ್ಲದೇ ಓಡುವ ಪ್ರೋಗ್ರಾಂ ಸರಿಯಿದೆ ಎಂದು ಸಾಧಿಸುವುದು ಹೇಗೆ?

ಆಪರೇಟಿಂಗ್ ಸಿಸ್ಟಂ, ಸರ್ವರ್‌ಗಳಂಥವು ಮುಗಿಯುವುದೇ ಇಲ್ಲ. ಮುಗಿದರೆ ಅದೇ ದೋಷ. ಹಾಗಾಗಿ ‘ಮುಗಿದಾಗ ಉತ್ತರ ಸರಿಯಿರಬೇಕು’ ಎಂಬ ಮಾತು ಇಲ್ಲಿ ಉಪಯೋಗಕ್ಕೆ ಬಾರದು. ಇಡೀ ಅನಂತ ಓಟದ ಬಗ್ಗೆಯೇ ಮಾತನಾಡಬೇಕು. ಅದಕ್ಕೆ ತಕ್ಕ ಭಾಷೆಯಾಗಿ ಟೆಂಪೊರಲ್ ಲಾಜಿಕ್ ಅನ್ನು, ಅಂದರೆ ಕಾಲದ ಬಗ್ಗೆ ಮಾತನಾಡಬಲ್ಲ ತರ್ಕವನ್ನು, 1977ರಲ್ಲಿ ಮುಂದಿಟ್ಟವರು ಕಂಪ್ಯೂಟರ್ ವಿಜ್ಞಾನಿ ಅಮೀರ್ ಪ್ನುವೆಲಿ. ‘ಯಾವಾಗಲೂ’, ‘ಎಂದಾದರೊಮ್ಮೆ’ ಎಂಬುವು ಅದರ ಮುಖ್ಯ ಪದಗಳು.

ಎರಡು ಪ್ರಕ್ರಿಯೆಗಳು (ಒಟ್ಟಿಗೆ ಓಡುತ್ತಿರುವ ಪ್ರೋಗ್ರಾಂಗಳು) ಒಂದೇ ಲಾಕ್‌ಗಾಗಿ, ಅಂದರೆ ಒಂದು ಸಮಯಕ್ಕೆ ಒಬ್ಬರಿಗಷ್ಟೇ ಸಿಗಬೇಕಾದ ಹಕ್ಕಿಗಾಗಿ, ಪೈಪೋಟಿ ನಡೆಸುತ್ತಿವೆ ಎನ್ನಿ. ‘ಎರಡರ ಕೈಯಲ್ಲೂ ಒಟ್ಟಿಗೆ ಲಾಕ್ ಇರುವುದಿಲ್ಲ’ ಎಂಬುದು ಸುರಕ್ಷತೆಯ ಗುಣ. ಇದನ್ನು ಖಾತ್ರಿಪಡಿಸುವ ಒಂದು ಹೇಳಿಕೆ ಆರಂಭದಲ್ಲಿ ನಿಜವೆಂದೂ ಯಾವ ಹೆಜ್ಜೆಯೂ ಅದನ್ನು ಕೆಡಿಸುವುದಿಲ್ಲವೆಂದೂ ತೋರಿಸಿದರೆ ಸಾಕು, ಓಟ ಎಷ್ಟೇ ಉದ್ದವಾಗಲಿ.

ಆದರೆ ಯಾರಿಗೂ ಲಾಕ್ ಕೊಡದ ಸೋಮಾರಿ ಪ್ರೋಗ್ರಾಂ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ! ಆದ್ದರಿಂದ ‘ಕೇಳಿದವರಿಗೆ ಎಂದಾದರೊಮ್ಮೆ ಸಿಕ್ಕೇ ಸಿಗುತ್ತದೆ’ ಎಂಬ ಪ್ರಗತಿಯ ಗುಣವೂ ಬೇಕು. ನಿಜವಾದ ತಲೆನೋವು ಇದೇ: ಎಷ್ಟು ಹೊತ್ತು ಕಾದರೂ ‘ಇನ್ನು ಮುಂದೆ ಸಿಗಬಹುದು’ ಎನ್ನಲು ಅವಕಾಶವಿರುತ್ತದೆ. ಯಾವ ಪ್ರಕ್ರಿಯೆ ಯಾವಾಗ ಓಡಬೇಕೆಂದು ನಿರ್ಧರಿಸುವ ಶೆಡ್ಯೂಲರ್ ಯಾರನ್ನೂ ಶಾಶ್ವತವಾಗಿ ಕಡೆಗಣಿಸುವುದಿಲ್ಲ ಎಂದು ಮೊದಲು ಊಹಿಸಿಕೊಳ್ಳಬೇಕು. ನಂತರ ಇಳಿಯುತ್ತಲೇ ಹೋಗುವ ಒಂದು ಅಳತೆಯನ್ನು, ಉದಾಹರಣೆಗೆ ಸರದಿಯಲ್ಲಿ ಮುಂದಿರುವವರ ಸಂಖ್ಯೆಯನ್ನು, ಹುಡುಕಬೇಕು. ಅದು ಸೊನ್ನೆಗಿಂತ ಕೆಳಗೆ ಇಳಿಯಲಾರದು, ಹಾಗಾಗಿ ಸರದಿ ಬಂದೇ ಬರುತ್ತದೆ.

ಪ್ರೋಗ್ರಾಂ ಇರಬಹುದಾದ ಸ್ಥಿತಿಗಳು ಸೀಮಿತವಾಗಿದ್ದರೆ ಈ ಕೆಲಸವನ್ನು ಯಂತ್ರಕ್ಕೇ ಬಿಡಬಹುದು. ಸ್ಪಿನ್‌ನಂಥ ಮಾಡೆಲ್ ಚೆಕರ್ (ಎಲ್ಲ ಸ್ಥಿತಿಗಳನ್ನೂ ತಾನೇ ಪರೀಕ್ಷಿಸುವ ಸಾಧನ), ಬೇಕಾದ ಗುಣದ ನಿಷೇಧವನ್ನು ಬ್ಯೂಖಿ ಆಟೊಮೆಟಾನ್ (‘ಸ್ವೀಕಾರ ಸ್ಥಿತಿ’ಯನ್ನು ಮತ್ತೆ ಮತ್ತೆ ಮುಟ್ಟುವ ಅನಂತ ಓಟಗಳನ್ನು ಒಪ್ಪುವ ಕಾಲ್ಪನಿಕ ಯಂತ್ರ) ಆಗಿಸಿ, ಪ್ರೋಗ್ರಾಂನ ಮಾದರಿಯೊಡನೆ ಜೋಡಿಸಿ, ಸ್ವೀಕಾರ ಸ್ಥಿತಿಯ ಮೂಲಕ ಹಾದುಹೋಗುವ ಚಕ್ರವೊಂದನ್ನು ಹುಡುಕುತ್ತದೆ. ಸಿಕ್ಕಿದರೆ ಆ ಚಕ್ರವೇ ದೋಷದ ಸಾಕ್ಷಿ. ತೊಡಕೆಂದರೆ, ಪ್ರಕ್ರಿಯೆಗಳು ಹೆಚ್ಚಿದಂತೆ ಸ್ಥಿತಿಗಳ ಸಂಖ್ಯೆ ಘಾತೀಯವಾಗಿ ಬೆಳೆಯಬಲ್ಲದು.